ಚಾರ್ಜರ್ 4.20 ಅನ್ನುತ್ತೆ, ಮೀಟರ್ 4.28 ಅನ್ನುತ್ತೆ, ಯಾವುದನ್ನ ನಂಬೋದು?

ತುಮಕೂರು_ಗ್ಲೈಡರ್

ಎಲ್ಲರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ ಆರ್‌ಸಿ (ರಿಮೋಟ್) ಪ್ಲೇನ್ ಹಾರಿಸ್ತಿದೀನಿ, 4ಎಸ್ (ನಾಲ್ಕು ಸೆಲ್ ಸೀರೀಸಲ್ಲಿರೋ) 2200 ಎಂಎಎಚ್ ಲೈಪೋ, ಅಂದ್ರೆ ಲಿಥಿಯಂ ಪಾಲಿಮರ್ ಬ್ಯಾಟರಿ ಪ್ಯಾಕ್ ಎರಡು ಇದೆ, ಒಂದು 3ಎಸ್ ಇದೆ. ಚಾರ್ಜರ್ ಆನ್‌ಲೈನ್‌ನಲ್ಲಿ ತಗೊಂಡಿದ್ದು, 6 ಸೆಲ್‌ವರೆಗೆ ಬ್ಯಾಲೆನ್ಸ್ ಮಾಡೋ, ಅಂದ್ರೆ ಎಲ್ಲಾ ಸೆಲ್ಲನ್ನೂ ಒಂದೇ ವೋಲ್ಟಿಗೆ ತರೋ, ಬಿ6 ಥರದ್ದು, ಬ್ರ್ಯಾಂಡ್ ಹೆಸರು ಇಲ್ಲಿ ಹಾಕಲ್ಲ. ಮೂರು ತಿಂಗಳಲ್ಲಿ ಒಂದು 4ಎಸ್ ಪ್ಯಾಕ್ ಸ್ವಲ್ಪ ಊದಿಕೊಂಡಿದೆ, ಒತ್ತಿದ್ರೆ ಮೆತ್ತಗೆ ಅನ್ಸುತ್ತೆ. ಅದಕ್ಕೆ ಅನುಮಾನ ಬಂದು ಫುಲ್ ಚಾರ್ಜ್ ಆದ್ಮೇಲೆ ಒಂದೊಂದು ಸೆಲ್ ಅಳೆದು ನೋಡ್ದೆ. ಚಾರ್ಜರ್ ಸ್ಕ್ರೀನಲ್ಲಿ ನಾಲ್ಕೂ 4.20 ವೋಲ್ಟ್, ಅಂದ್ರೆ ಫುಲ್ ಆದಾಗ ಇರಬೇಕಾದಷ್ಟೇ. ಮನೇಲಿರೋ ಹಳದಿ 830 ಮಲ್ಟಿಮೀಟರಲ್ಲಿ 4.28. ಫ್ರೆಂಡ್‌ದು ಆಟೋ ರೇಂಜ್ ಮೀಟರ್ ತಂದು ನೋಡಿದ್ರೆ 4.20, 4.20, 4.21, 4.23. ಬ್ಯಾಲೆನ್ಸ್ ಪ್ಲಗ್‌ಗೆ (ಒಂದೊಂದು ಸೆಲ್ಲಿನ ತಂತಿ ಬರೋ ಪ್ಲಗ್) ಸಿಕ್ಕಿಸ್ತೀವಲ್ಲ, ವೋಲ್ಟ್ ತೋರಿಸೋ ಆ ಚಿಕ್ಕ ಬಜರ್, ಅದು 4.17, 4.18 ಅಂತಿದೆ. ನಾಲ್ಕು ಡಬ್ಬಿ, ನಾಲ್ಕು ಉತ್ತರ. 4.28 ನಿಜ ಆಗಿದ್ರೆ ನಾನು ಇಷ್ಟು ದಿನ ಓವರ್‌ಚಾರ್ಜ್ ಮಾಡ್ತಿದ್ದೆ ಅಂತ ಅರ್ಥ, ಮನೇಲಿ ತಂಗಿ ಮಕ್ಕಳು ಓಡಾಡೋ ರೂಮಲ್ಲೇ ಚಾರ್ಜ್ ಮಾಡೋದು ನಾನು, ರಾತ್ರಿ ನಿದ್ದೆ ಬರ್ತಿಲ್ಲ. ಯಾವುದು ಸರಿ ಅಂತ ಹೇಗೆ ಪತ್ತೆ ಮಾಡೋದು, ಯಾರಾದ್ರೂ ಹೇಳಿ ಪ್ಲೀಸ್.

ಸೋಲ್ಡರ್_ಹುಬ್ಬಳ್ಳಿ

ತಮ್ಮಾ, ಮೊದಲ ಆ ಹಳದಿ ಮೀಟರಿನ ಬೆನ್ನು ಬಿಚ್ಚಿ ಒಳಗಿನ 9 ವೋಲ್ಟ್ ಬ್ಯಾಟರಿ ನೋಡು. ಅದು ಇಳದಿದ್ರ ಈ 830 ಮೀಟರ್ ಕಮ್ಮಿ ತೋರಸೂದಿಲ್ಲ, ಜಾಸ್ತಿ ತೋರಸ್ತದ. ಒಳಗಿನ ರೆಫರೆನ್ಸ್, ಅಂದ್ರ ಮೀಟರ್ ಹೋಲಿಸಿ ನೋಡೂ ವೋಲ್ಟೇಜ್, ಕೆಳಗ ಇಳೀತದ, ಅದಕ್ಕ ಹೋಲಿಸಿದ್ರ ಹೊರಗಿನ ವೋಲ್ಟೇಜ್ ದೊಡ್ಡದ ಕಾಣ್ತದ, ಅಷ್ಟ. ನನ್ನ ರಿಪೇರಿ ಅಂಗಡ್ಯಾಗ ವಾರಕ್ಕ ಒಬ್ಬರರ ಬಂದು ಮನಿ ಇನ್ವರ್ಟರ್ ಓವರ್‌ಚಾರ್ಜ್ ಮಾಡಾಕತ್ತೈತಿ ಅಂತಾರ, ನೋಡಿದ್ರ ಅವರ ಮೀಟರಿನ ಬ್ಯಾಟರಿ ಸತ್ತಿರ್ತದ. ಹೊಸಾದು ಹಾಕಿ ಮತ್ತ ಅಳದು ಹೇಳು. ಅಲ್ಲೀತನಕ ಆ ಊದಿದ ಪ್ಯಾಕಿಗೆ ಚಾರ್ಜ್ ಹಾಕಬ್ಯಾಡ, ಮನಿ ಹೊರಗ ಇಡು.

ತುಮಕೂರು_ಗ್ಲೈಡರ್

ಅಣ್ಣಾ ಥ್ಯಾಂಕ್ಸ್! ಹೊಸ ಬ್ಯಾಟರಿ ಹಾಕ್ದೆ. ಈಗ 4.22, 4.22, 4.23, 4.25. ಎಷ್ಟೋ ಸಮಾಧಾನ ಆಯ್ತು. ಆದ್ರೂ ಇನ್ನೊಂದು ಮೀಟರ್‌ಗಿಂತ 20 ಮಿಲಿವೋಲ್ಟ್ ಜಾಸ್ತಿನೇ ಇದೆ. ಊದಿದ ಪ್ಯಾಕನ್ನ ಹೊರಗೆ ಮಣ್ಣಿನ ಮಡಕೆ ಒಳಗೆ ಇಟ್ಟಿದೀನಿ.

ಬೈಕ್_ದಾವಣಗೆರೆ

ಇಷ್ಟೆಲ್ಲಾ ತಲೆ ಕೆಡಿಸ್ಕೋಬೇಡಿ ಗುರು. ಆ ಚಾರ್ಜರ್‌ಗಳಲ್ಲಿ ಕ್ಯಾಲಿಬ್ರೇಶನ್ ಮೆನು ಇರುತ್ತೆ, ಯಾವ ಮೀಟರ್ ಹೊಸದೋ ಅದ್ರಲ್ಲಿ ಬಂದಿದ್ದನ್ನ ಹಾಗೇ ಹಾಕ್ಬಿಡಿ, ಮುಗೀತು. ಮೀಟರ್ ಸರಿ ಇದ್ಯಾ ನೋಡೋಕೆ ಮೊಬೈಲ್ ಚಾರ್ಜರ್‌ದು 5 ವೋಲ್ಟ್ ಅಳೆದು ನೋಡಿ, ಸರಿಯಾಗಿ 5 ಬಂದ್ರೆ ಮೀಟರ್ ಸರಿ ಅಂತ.

ಪೀಣ್ಯ_ಟೆಸ್ಟ್‌ಬೆಂಚ್

ದಯವಿಟ್ಟು ಇದನ್ನ ಮಾಡ್ಬೇಡಿ. ದಾವಣಗೆರೆಯವ್ರು ಒಳ್ಳೆ ಮನಸ್ಸಿಂದಾನೇ ಹೇಳಿದಾರೆ, ಆದ್ರೆ ಯುಎಸ್‌ಬಿ 5 ವೋಲ್ಟ್ ಅನ್ನೋದು ಹೆಸರಿಗೆ ಮಾತ್ರ 5, 4.75 ರಿಂದ 5.25 ತನಕ ಎಲ್ಲಿದ್ರೂ ಅದು ನಿಯಮದ ಒಳಗೇ ಇರೋದು. ಒಳ್ಳೆ ಅಡಾಪ್ಟರ್‌ಗಳು ವೈರಲ್ಲಿ ಡ್ರಾಪ್ ಆಗುತ್ತೆ ಅಂತ ಬೇಕಂತಲೇ 5.1 ಕೊಡ್ತವೆ. ಹೊಸ ಪೆನ್ಸಿಲ್ ಸೆಲ್ 1.5 ಅಂತ ಅಳೆಯೋರೂ ಇದಾರೆ, ಹೊಸ ಆಲ್ಕಲೈನ್ 1.6ರ ಹತ್ರ ಇರುತ್ತೆ, ಅದೂ ಬೇಡ. ಗೊತ್ತಿಲ್ದೇ ಇರೋ ಮೀಟರ್ ಇಟ್ಕೊಂಡು ಚಾರ್ಜರನ್ನ ಕ್ಯಾಲಿಬ್ರೇಟ್ ಮಾಡಿದ್ರೆ ಮೀಟರಿನ ತಪ್ಪನ್ನ ತಗೊಂಡೋಗಿ ಚಾರ್ಜರ್ ಒಳಗೆ ಬರೆದಂಗೆ. ಮೀಟರ್ 40 ಮಿಲಿವೋಲ್ಟ್ ಕಮ್ಮಿ ತೋರಿಸ್ತಿದ್ರೆ ನೀವು ಕ್ಯಾಲಿಬ್ರೇಟ್ ಮಾಡಿದ ಮೇಲೆ ಚಾರ್ಜರ್ 4.24ಕ್ಕೆ ಹೋಗಿ ನಿಲ್ಲುತ್ತೆ, ಸ್ಕ್ರೀನಲ್ಲಿ ಮಾತ್ರ 4.20.

ನಾನು ಅಳತೆ ಉಪಕರಣಗಳ ಕೆಲಸದಲ್ಲೇ ಇರೋದ್ರಿಂದ ಸ್ವಲ್ಪ ಉದ್ದ ಬರೀತೀನಿ. ಮೀಟರಿನ ಪುಸ್ತಕದಲ್ಲಿ ಡಿಸಿ ವೋಲ್ಟ್ ಎದುರಿಗೆ "0.5% + 3" ಥರ ಬರೆದಿರುತ್ತೆ. ಮೊದಲನೇದು ಓದಿದ ಮೌಲ್ಯದ ಶೇಕಡಾ, ಎರಡನೇದು ಕೊನೇ ಅಂಕಿಯಲ್ಲಿ ಎಷ್ಟು ಆಚೀಚೆ ಅಂತ. 4.2ರ 0.5% ಅಂದ್ರೆ 21 ಮಿಲಿವೋಲ್ಟ್. 6000 ಕೌಂಟ್ (5.999 ತನಕ ತೋರಿಸೋ) ಮೀಟರ್ ಆದ್ರೆ ಕೊನೇ ಅಂಕಿ 1 ಮಿಲಿವೋಲ್ಟ್, ಅಲ್ಲಿಗೆ ಒಟ್ಟು 24. ಆದ್ರೆ 4000 ಕೌಂಟ್ ಮೀಟರ್ ಇದೆಯಲ್ಲ, ಅದು 3.999ಕ್ಕೇ ಮುಗಿಯುತ್ತೆ. ನಮ್ಮ ಲಿಥಿಯಂ ಸೆಲ್ 4.2, ಒಂಚೂರು ಆಚೆ. ಆಗ ಮೀಟರ್ ತಾನೇ 40 ವೋಲ್ಟ್ ರೇಂಜ್‌ಗೆ ಹಾರುತ್ತೆ, ಕೊನೇ ಅಂಕಿ 10 ಮಿಲಿವೋಲ್ಟ್ ಆಗುತ್ತೆ, 21 + 30, ಒಟ್ಟು 51 ಮಿಲಿವೋಲ್ಟ್! ನಿಮ್ ಫ್ರೆಂಡ್ ಮೀಟರ್ 4.20, 4.21 ಅಂತ ಎರಡೇ ದಶಮಾಂಶ ತೋರಿಸಿದ್ದು ನೋಡಿದ್ರೆ ಅದು ಇದೇ ಜಾತಿದು. ಹಳದಿ ಮೀಟರಿಗೆ "0.5% + 2", 20 ವೋಲ್ಟ್ ರೇಂಜಲ್ಲಿ ಕೊನೇ ಅಂಕಿ 10 ಮಿಲಿವೋಲ್ಟ್, 21 + 20, ಅಂದ್ರೆ 41. ಹಾಗಾಗಿ ನಿಮ್ಮ ಎರಡು ಮೀಟರ್ 20 ಮಿಲಿವೋಲ್ಟ್ ಬೇರೆ ಹೇಳ್ತಿರೋದು ಜಗಳಾನೇ ಅಲ್ಲ, ಎರಡೂ ತಮ್ಮ ತಮ್ಮ ಪುಸ್ತಕದ ಪ್ರಕಾರ ಸರಿಯಾಗೇ ಇವೆ.

ಸೆಲ್ ಕಂಪನಿಗಳು ಸಾಮಾನ್ಯವಾಗಿ 4.20ಕ್ಕೆ 0.05 ಆಚೀಚೆ ಅಂತ ಕೊಡ್ತವೆ. ನೀವು ಅಳೀಬೇಕಾಗಿರೋ ಕಿಟಕಿನೇ 50 ಮಿಲಿವೋಲ್ಟ್, ನಿಮ್ಮ ಅಳತೆಗೋಲಿನ ತಪ್ಪೂ 50 ಮಿಲಿವೋಲ್ಟ್. ಇಲ್ಲೇ ಇರೋದು ತೊಂದರೆ.

ಇನ್ನೆರಡು ಪ್ರಶ್ನೆ: ಅಳೆದಿದ್ದು ಚಾರ್ಜ್ ನಡೀತಿದ್ದಾಗಲೋ, ತೆಗೆದ ಮೇಲೋ, ತೆಗೆದು ಎಷ್ಟೊತ್ತಿಗೆ? ಮತ್ತೆ ಫುಲ್ ಚಾರ್ಜ್ ಆದ ಪ್ಯಾಕ್ ಎಷ್ಟು ದಿನ ಹಾಗೇ ಇಟ್ಟಿರ್ತೀರಿ?

ಟಾರ್ಚ್_ಕುಡ್ಲ

ಟೆಸ್ಟ್‌ಬೆಂಚಿನವರು ಕೇಳಿದ ಆ ಮೊದಲನೆ ಪ್ರಶ್ನೆ ಉಂಟಲ್ಲ, ಅದು ಬಹಳ ಮುಖ್ಯ ಮಾರಾಯ್ರೇ. ನಾನು ಟಾರ್ಚಿನ 18650 ಲಿಥಿಯಂ ಸೆಲ್‌ನವ, ಪ್ಲೇನ್ ಗೀನ್ ಗೊತ್ತಿಲ್ಲ, ಆದ್ರೆ ಸೆಲ್ ಎಲ್ಲ ಒಂದೇ. ಚಾರ್ಜ್ ಮುಗಿದು ತೆಗೆದು ಒಂದು ಗಂಟೆ ಬಿಟ್ಟು ನೋಡಿದ್ರೆ 4.20 ಇದ್ದದ್ದು 4.18 ಆಗಿರ್ತದೆ, ಹಳೇ ಸೆಲ್ ಆದ್ರೆ 4.15ಕ್ಕೂ ಬರ್ತದೆ. ಅದು ಚಾರ್ಜರಿನ ತಪ್ಪಲ್ಲ, ಸೆಲ್ ವಿಶ್ರಾಂತಿ ತಗೊಳ್ಳುವುದು. ನಾನು ಸುರುವಿಗೆ ಇದನ್ನು ನೋಡಿ ಒಂದು ಒಳ್ಳೆ ಚಾರ್ಜರನ್ನು ಕಮ್ಮಿ ತುಂಬಿಸ್ತದೆ ಅಂತ ವಾಪಸ್ ಕಳಿಸಿದ್ದೆ, ಈಗಲೂ ಬೇಜಾರುಂಟು.

ಸೆಲ್ ಹಾಕುವ ಸ್ಲಾಟ್ ಚಾರ್ಜರಲ್ಲಿ ಇನ್ನೊಂದು ಉಂಟು. ಆ ಜಾರುವ ಸ್ಪ್ರಿಂಗ್ ಪತ್ತಿ ಇದೆಯಲ್ಲ, ಅದರ ಸಂಪರ್ಕದಲ್ಲಿ 50 ಮಿಲಿಓಮ್ ಇದ್ದರೆ 1 ಆಂಪಿಗೆ 50 ಮಿಲಿವೋಲ್ಟ್ ಅಲ್ಲೇ ಹೋಯ್ತು. ಚಾರ್ಜರಿಗೆ 4.20 ಕಾಣ್ತದೆ, ಸೆಲ್ಲಿಗೆ ಸಿಕ್ಕಿದ್ದು 4.15. ಹಾಗಾಗಿ ಪ್ರೋಬನ್ನು ಚಾರ್ಜರಿನ ಪತ್ತಿಗೆ ಇಡ್ಲಿಕ್ಕೆ ಹೋಗ್ಬೇಡಿ, ಸೆಲ್ಲಿನ ತಲೆಗೆ ಮತ್ತು ಬುಡಕ್ಕೇ ಇಡಿ. ನಮ್ಮ ಊರಿನ ಉಪ್ಪು ಗಾಳಿಗೆ ಪತ್ತಿ ಬೇಗ ಕಪ್ಪಾಗ್ತದೆ, ಐಸೋಪ್ರೊಪೈಲಲ್ಲಿ ಒರೆಸಿದರೆ ಎಷ್ಟೋ ಸರಿ ಆಗ್ತದೆ.

ಮತ್ತೆ ಆ 20 ರೂಪಾಯಿಯ ಟಿಪಿ4056 ಚಾರ್ಜಿಂಗ್ ಬೋರ್ಡ್ ಉಂಟಲ್ಲ, ಅದರ ಡೇಟಾಶೀಟಲ್ಲೇ 1.5% ಅಂತ ಬರೆದುಂಟು, ಲೆಕ್ಕ ಹಾಕಿ, 4.137 ರಿಂದ 4.263 ತನಕ ಎಲ್ಲಿ ನಿಂತರೂ ಅದು ಪಾಸ್. ನಾನು ಅದರಲ್ಲಿ ಚಾರ್ಜ್ ಮಾಡುವ ಮೊದಲು ಒಂದೊಂದು ಬೋರ್ಡನ್ನೂ ಅಳೆದು ಹಿಂದೆ ಪೆನ್ನಲ್ಲಿ ಬರೆದಿಡ್ತೇನೆ.

ತುಮಕೂರು_ಗ್ಲೈಡರ್

ಚಾರ್ಜ್ ಮುಗಿದು ಸದ್ದು ಮಾಡಿದ ಮೇಲೆ ತೆಗೆದು ಒಂದೈದು ನಿಮಿಷಕ್ಕೆ ಅಳೆದಿದ್ದು. ಬಜರ್‌ದು ಮಾತ್ರ ಮಾರನೇ ದಿನ ಬೆಳಿಗ್ಗೆ ಸಿಕ್ಕಿಸಿ ನೋಡಿದ್ದು, ಅದಕ್ಕೇ 4.17 ಬಂತೇನೋ, ಈಗ ಅರ್ಥ ಆಯ್ತು.

ಎಷ್ಟು ದಿನ ಫುಲ್ ಇಟ್ಟಿರ್ತೀನಿ ಅಂದ್ರೆ... ಶನಿವಾರ ರಾತ್ರಿ ಎಲ್ಲಾ ಚಾರ್ಜ್ ಮಾಡಿಡ್ತೀನಿ, ಭಾನುವಾರ ಹಾರ್ಸೋದು. ಮಳೆ ಬಂದ್ರೆ, ಇಲ್ಲಾ ಕೆಲಸ ಬಿದ್ರೆ ಮುಂದಿನ ಭಾನುವಾರ ಅಂತ ಹಾಗೇ ಇಟ್ಟಿರ್ತೀನಿ. ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಒಂದು ಮೂರು ವಾರ ಫುಲ್ ಚಾರ್ಜಲ್ಲೇ ಇತ್ತು, ಶೀಟ್ ಮನೆ ಮೇಲಿನ ರೂಮಲ್ಲಿ.

ಪೀಣ್ಯ_ಟೆಸ್ಟ್‌ಬೆಂಚ್

ಊದಿಕೊಳ್ಳೋಕೆ ಅದೇ ಸಾಕು. ಏಪ್ರಿಲ್ ಬಿಸಿಲು, ಶೀಟಿನ ಕೆಳಗೆ, 4.2 ವೋಲ್ಟಲ್ಲಿ ಮೂರು ವಾರ. ಲೈಪೋಗೆ ಬಿಸಿ ಮತ್ತು ಫುಲ್ ಚಾರ್ಜ್ ಎರಡೂ ಒಟ್ಟಿಗೆ ಸಿಕ್ಕಿದ್ರೆ ಒಳಗಿನ ಎಲೆಕ್ಟ್ರೋಲೈಟ್ ನಿಧಾನಕ್ಕೆ ಒಡೆದು ಗ್ಯಾಸ್ ಆಗುತ್ತೆ, ಆ ಗ್ಯಾಸೇ ನೀವು ಬೆರಳಲ್ಲಿ ಒತ್ತಿದಾಗ ಸಿಕ್ಕ ಮೆತ್ತನೆ. ಎರಡು ಮೂರು ದಿನಕ್ಕಿಂತ ಜಾಸ್ತಿ ಇಡೋದಿದ್ರೆ ಚಾರ್ಜರಲ್ಲಿ ಸ್ಟೋರೇಜ್ ಮೋಡ್ ಒತ್ತಿ, ಸೆಲ್‌ಗೆ 3.80 ರಿಂದ 3.85ಕ್ಕೆ ತಂದು ನಿಲ್ಲಿಸುತ್ತೆ. ಚಾರ್ಜರ್ ಸರಿ ಇದೆ ಅಂತ ನಾನು ಹೇಳ್ತಿಲ್ಲ, ಅಳೆಯೋಣ, ಆದ್ರೆ ಪೂರ್ತಿ ಅಪರಾಧ ಅದರ ಮೇಲೆ ಹಾಕೋದು ನ್ಯಾಯ ಅಲ್ಲ. ಮತ್ತೆ ನಿಮ್ಮ ನಾಲ್ಕನೇ ಸೆಲ್ ಎರಡು ಮೀಟರಲ್ಲೂ ಮಿಕ್ಕಿದ್ದಕ್ಕಿಂತ 20-30 ಮಿಲಿವೋಲ್ಟ್ ಮೇಲಿದೆ. ಮೀಟರ್ ತಪ್ಪಿರಬಹುದು, ಆದ್ರೆ ಒಂದೇ ಮೀಟರ್ ಒಂದೇ ನಿಮಿಷದಲ್ಲಿ ತೋರಿಸೋ ವ್ಯತ್ಯಾಸ ಸುಳ್ಳಾಗಲ್ಲ. ಅದನ್ನ ಹಿಡ್ಕೊಂಡು ಹೋಗ್ಬೇಕು.

ಪಿಯು_ಲ್ಯಾಬ್_ಮೇಷ್ಟ್ರು

ಮಕ್ಕಳೇ, ಕೊನೇ ಸಾಲು ಓದಿ ಸಂತೋಷ ಆಯ್ತು, ನಾನು ಹೇಳಬೇಕು ಅಂತಿದ್ದದ್ದೂ ಅದನ್ನೇ. ಮೂವತ್ತು ವರ್ಷ ಪಿಯುಸಿ ಫಿಸಿಕ್ಸ್ ಲ್ಯಾಬ್ ಮಾಡಿಸಿದವನು ನಾನು. ನಿಮಗೆಲ್ಲಾ ಪೊಟೆನ್ಷಿಯೋಮೀಟರ್ ನೆನಪಿದೆಯಾ? ಹಲಗೆ ಮೇಲೆ ಎಳೆದ ಉದ್ದದ ತಂತಿ, ಜಾಕಿ, ಡೇನಿಯಲ್ ಸೆಲ್, ಲೆಕ್ಲಾಂಷೆ ಸೆಲ್, ಎರಡರ ಇಎಂಎಫ್ (ಸೆಲ್ಲಿನ ಸ್ವಂತ ವೋಲ್ಟೇಜ್) ಹೋಲಿಸಿ ಅಂತ. ಅದರಲ್ಲಿ ಗ್ಯಾಲ್ವನೋಮೀಟರ್ ಯಾವತ್ತಾದರೂ ವೋಲ್ಟ್ ಓದಿ ಹೇಳಿತ್ತಾ? ಇಲ್ಲ. ಅದರ ಕೆಲಸ ಒಂದೇ, ಎರಡು ಕಡೆ ವೋಲ್ಟೇಜ್ ಸಮ ಆಗಿ ಮುಳ್ಳು ಸೊನ್ನೆಗೆ ಬಂತಾ ಇಲ್ವಾ ಅಂತ ತೋರಿಸೋದು. ಅದಕ್ಕೆ ಲ್ಯಾಬಿನ ಅತ್ಯಂತ ಹಳೇ ಗ್ಯಾಲ್ವನೋಮೀಟರ್ ಇಟ್ಟರೂ ಉತ್ತರ ಕೆಡ್ತಿರಲಿಲ್ಲ. ಹುಡುಗರು ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತುಬಿಡೋ ಈ ಪ್ರಯೋಗ ನಿಮ್ಮ ಚಾರ್ಜರ್ ಸಮಸ್ಯೆಗೆ ನೇರವಾಗಿ ಉತ್ತರ.

4.2 ವೋಲ್ಟನ್ನ ಇಡಿಯಾಗಿ ಅಳೀಬೇಡಿ. ಗೊತ್ತಿರೋ ಒಂದು ವೋಲ್ಟೇಜ್ ಪಕ್ಕದಲ್ಲಿಟ್ಟು ಎರಡರ ವ್ಯತ್ಯಾಸ ಮಾತ್ರ ಅಳೀರಿ. ಎಲ್‌ಎಂ4040 ಅಂತ ಒಂದು ಚಿಕ್ಕ ರೆಫರೆನ್ಸ್ ಐಸಿ, ಅಂದರೆ ಬದಲಾಗದ ಒಂದೇ ವೋಲ್ಟೇಜ್ ಕೊಡೋ ಚಿಪ್, ಬರುತ್ತೆ, ಅದರಲ್ಲಿ 4.096 ವೋಲ್ಟಿನದು ಇದೆ, ಎ ಗ್ರೇಡ್ ತಗೊಂಡರೆ 25 ಡಿಗ್ರಿಯಲ್ಲಿ 0.1%, ಅಂದರೆ ನಾಲ್ಕೇ ಮಿಲಿವೋಲ್ಟ್ ಆಚೀಚೆ. ಡಿ ಗ್ರೇಡ್ ಆದರೆ 1%, ಅದು ನಮಗೆ ಪ್ರಯೋಜನ ಇಲ್ಲ, ತಗೊಳ್ಳುವಾಗ ಪೂರ್ತಿ ನಂಬರ್ ನೋಡಿ ತಗೊಳ್ಳಿ. ಒಂದು 9 ವೋಲ್ಟ್ ಬ್ಯಾಟರಿ, 4.7 ಕಿಲೋಓಮ್ ರೆಸಿಸ್ಟರ್ ಸೀರೀಸಲ್ಲಿ, ಐಸಿ. ಸುಮಾರು 1 ಮಿಲಿಆಂಪ್ ಹರಿಯುತ್ತೆ. ಬ್ಯಾಟರಿ 7 ವೋಲ್ಟಿಗೆ ಇಳಿದರೂ 0.6 ಮಿಲಿಆಂಪ್ ಇರುತ್ತೆ, ಐಸಿ ತನ್ನ 4.096 ಬಿಡೋದಿಲ್ಲ.

ಈಗ ಐಸಿಯ ಮೈನಸ್ಸನ್ನ ಸೆಲ್ಲಿನ ಮೈನಸ್ಸಿಗೆ ಸೇರಿಸಿ. ಮೀಟರಿನ ಕೆಂಪು ಪ್ರೋಬ್ ಸೆಲ್ಲಿನ ಪ್ಲಸ್ಸಿಗೆ, ಕಪ್ಪು ಪ್ರೋಬ್ ಐಸಿಯ ಪ್ಲಸ್ಸಿಗೆ. ಹಳದಿ ಮೀಟರನ್ನೇ 200 ಮಿಲಿವೋಲ್ಟ್ ರೇಂಜಿಗೆ ತಿರುಗಿಸಿ. ಸೆಲ್ ಸರಿಯಾಗಿ 4.200 ಇದ್ದರೆ ಮೀಟರ್ 104.0 ತೋರಿಸಬೇಕು. ಆ 104ರಲ್ಲಿ ಮೀಟರಿನ 0.5% ತಪ್ಪು ಎಷ್ಟು? ಅರ್ಧ ಮಿಲಿವೋಲ್ಟ್! ಅದೇ ಮೀಟರ್, ಸ್ವಲ್ಪ ಮುಂಚೆ 41 ಮಿಲಿವೋಲ್ಟ್ ತಪ್ಪು ಮಾಡ್ತಿದ್ದದ್ದು. ಉಳಿದದ್ದು ಐಸಿಯ ನಾಲ್ಕು ಮಿಲಿವೋಲ್ಟ್ ಮಾತ್ರ.

ಹಿಂದೆ ಈ ಐಸಿಯ ಜಾಗದಲ್ಲಿ ವೆಸ್ಟನ್ ಸೆಲ್ ಇರ್ತಿತ್ತು, 1893ರಲ್ಲಿ ಎಡ್ವರ್ಡ್ ವೆಸ್ಟನ್ ಮಾಡಿದ್ದು, ಪಾದರಸ ಕ್ಯಾಡ್ಮಿಯಂ ತುಂಬಿದ ಗಾಜಿನ ಪಾತ್ರೆ, 20 ಡಿಗ್ರಿಯಲ್ಲಿ 1.0186 ವೋಲ್ಟ್. ಅದನ್ನ ಮುಟ್ಟೋಕೂ ಹೆದರ್ತಿದ್ವಿ. ಈಗ ಅಕ್ಕಿಕಾಳಿನಷ್ಟು ಐಸಿ ಆ ಕೆಲಸ ಮಾಡ್ತಿದೆ ಅಂದರೆ ನನಗೆ ಇವತ್ತಿಗೂ ಆಶ್ಚರ್ಯವೇ.

ಟಾರ್ಚ್_ಕುಡ್ಲ

ಮೇಷ್ಟ್ರೇ ಕೈ ಮುಗಿದೆ. ಪಿಯುಸಿಯಲ್ಲಿ ಇದನ್ನು ಯಾಕೆ ಮಾಡ್ತೇವೆ ಅಂತ ಈಗ, 22 ವರ್ಷ ಆದ ಮೇಲೆ ಗೊತ್ತಾದದ್ದು. ಒಂದು ಡೌಟ್, ಚಾರ್ಜರ್ ಕರೆಂಟಿಗೆ ಸಿಕ್ಕಿಸಿರುವಾಗಲೇ ಇದನ್ನು ಸೇರಿಸಿದರೆ ಎಂತ ಆದ್ರೂ ಸುಟ್ಟು ಹೋಗ್ತದಾ?

ಪಿಯು_ಲ್ಯಾಬ್_ಮೇಷ್ಟ್ರು

ಒಳ್ಳೆ ಪ್ರಶ್ನೆ. ರೆಫರೆನ್ಸಿಗೆ ಅದರದೇ 9 ವೋಲ್ಟ್ ಬ್ಯಾಟರಿ ಕೊಡೋಕೆ ಕಾರಣವೇ ಅದು. ಅದಕ್ಕೆ ನೆಲ (ಗ್ರೌಂಡ್) ಅಂತ ಒಂದಿಲ್ಲ, ಗಾಳಿಯಲ್ಲಿ ತೇಲ್ತಿರುತ್ತೆ, ಎಲ್ಲಿ ಬೇಕಾದರೂ ಕೂರಿಸಬಹುದು. ನಾಲ್ಕನೇ ಸೆಲ್ ಅಳೀಬೇಕಾ, ಐಸಿಯ ಮೈನಸ್ಸನ್ನ ಮೂರನೇ ಸೆಲ್ಲಿನ ಪ್ಲಸ್ಸಿಗೆ ಇಡಿ. ಅದನ್ನ ಬಿಟ್ಟು ಚಾರ್ಜರಿನ ಅಡಾಪ್ಟರಿಂದಲೇ ಐಸಿಗೆ ಕರೆಂಟ್ ಕೊಡೋಕೆ ಹೋಗಬೇಡಿ. ಕೆಲವು ಚಾರ್ಜರ್‌ಗಳಲ್ಲಿ ಬ್ಯಾಟರಿ ಮೈನಸ್ಸೂ ಅಡಾಪ್ಟರ್ ಮೈನಸ್ಸೂ ಒಂದೇ ಅಲ್ಲ, ಸೇರಿಸಿದರೆ ಸುಡುತ್ತೆ.

ಸೋಲ್ಡರ್_ಹುಬ್ಬಳ್ಳಿ

ಮೇಷ್ಟ್ರು ಹೇಳಿದ್ದು ಖರೇನ ಬಂಗಾರದಂಥಾ ಮಾತು. ನಂದೊಂದು ಕೈಗೆಲಸದ ಮಾತು ಸೇರಸ್ತೀನಿ. ಬ್ಯಾಲೆನ್ಸ್ ಪ್ಲಗ್ಗಿನ್ಯಾಗ ಪಿನ್ನಿಗೂ ಪಿನ್ನಿಗೂ ನಡುವ 2.5 ಮಿಲಿಮೀಟರ್ ಅಷ್ಟ ಅಂತರ. ಪ್ರೋಬ್ ಒಂಚೂರು ಜಾರಿ ಎರಡು ಪಿನ್ ಮುಟ್ಟಿತಂದ್ರ ಶಾರ್ಟ್, ವೈರ್ ಕೆಂಪಗಾಗಿ ಸುಡ್ತದ, ನನ್ನ ಬೆರಳಿನ್ಯಾಗ ಇನ್ನೂ ಕಲೆ ಐತಿ. ಪ್ರೋಬ್ ಚುಚ್ಚೂದು ಬ್ಯಾಡ. ಬ್ಯಾಲೆನ್ಸ್ ಎಕ್ಸ್‌ಟೆನ್ಶನ್ ವೈರ್ ಒಂದು ತಗೋ, ನಡುವ ಒಂದೊಂದ ವೈರ್, ಒಂದ ಜಾಗಾಕ್ಕ ಅಲ್ಲ, ಮೆಟ್ಟಿಲ ಮೆಟ್ಟಿಲ ಥರ ಬ್ಯಾರೆ ಬ್ಯಾರೆ ಜಾಗಾಕ್ಕ ಸುಲಿ, ಅಲ್ಲಿಂದ ತೆಳು ವೈರ್ ಬೆಸುಗೆ ಹಾಕಿ ಹೊರಗ ತಗಿ, ಹೀಟ್ ಶ್ರಿಂಕ್ ಹಾಕು. ಪ್ರತಿ ತೆಳು ವೈರಿನ ಬುಡಕ್ಕ 1 ಕಿಲೋಓಮ್ ರೆಸಿಸ್ಟರ್ ಹಾಕಿದ್ರ ಇನ್ನೂ ಚಲೋ, ತುದಿ ತುದಿ ಮುಟ್ಟಿದ್ರೂ ಏನೂ ಆಗಂಗಿಲ್ಲ, ಮೀಟರಿನ ಒಳಗ 1 ಮೆಗಾಓಮ್ ಇರೂದ್ರಿಂದ ರೀಡಿಂಗಿಗೆ ಫರಕ ಬರೂದಿಲ್ಲ.

ಡ್ರೋನ್_ಮೈಸೂರು

ನಾನು 6ಎಸ್ ಪ್ಯಾಕ್ ಉಪಯೋಗಿಸೋದು, ನನ್ನ ಚಾರ್ಜರಲ್ಲೂ ಯಾವಾಗ್ಲೂ ಕೊನೇ ಎರಡು ಸೆಲ್ಲೇ ಮೇಲಿರುತ್ತೆ, ಪ್ಯಾಕ್ ಬದಲಾಯಿಸಿದ್ರೂ ಅದೇ ಜಾಗ. ಹಾಗಿದ್ರೆ ಅದು ಸೆಲ್ ಪ್ರಾಬ್ಲಂ ಅಲ್ಲ ಅಲ್ವಾ?

ಪೀಣ್ಯ_ಟೆಸ್ಟ್‌ಬೆಂಚ್

ಅಲ್ಲ ಮೇಡಂ, ನೀವು ಅರ್ಧ ಉತ್ತರ ನೀವೇ ಕಂಡುಹಿಡಿದಿದೀರಿ. ಪ್ಯಾಕ್ ಬದಲಾದ್ರೂ ತಪ್ಪು ಅದೇ ಜಾಗದಲ್ಲಿ ಕೂತಿದ್ರೆ ಅದು ಚಾರ್ಜರ್‌ದು. ಪ್ಯಾಕ್ ಜೊತೆ ತಪ್ಪೂ ಓಡಾಡಿದ್ರೆ ಸೆಲ್‌ದು.

ಕೊನೇ ಸೆಲ್ಲೇ ಯಾಕೆ ಅಂದ್ರೆ, ಎಷ್ಟೋ ಚಾರ್ಜರ್‌ಗಳು ಸೆಲ್ಲನ್ನ ನೇರವಾಗಿ ಅಳೆಯಲ್ಲ, ಪ್ರತಿ ತಂತಿಯ ವೋಲ್ಟೇಜನ್ನ ಕೆಳಗಿನ ಮೈನಸ್ಸಿಂದ ಅಳೆದು, ಒಂದರಿಂದ ಇನ್ನೊಂದನ್ನ ಕಳೆದು ಸೆಲ್ ವೋಲ್ಟೇಜ್ ಅಂತ ತೋರಿಸ್ತವೆ. ಆರನೇ ತಂತಿಯಲ್ಲಿ 25.2 ವೋಲ್ಟ್. ಅದನ್ನ ಚಾರ್ಜರ್ ಒಳಗಿನ ಮೈಕ್ರೋಕಂಟ್ರೋಲರ್ ಚಿಪ್ ತಡೆಯೋ ಮಟ್ಟಕ್ಕೆ ಇಳಿಸೋಕೆ ಎರಡು ರೆಸಿಸ್ಟರ್ ಇರುತ್ತೆ. ಆ ಜೋಡಿಯಲ್ಲಿ 0.1% ತಪ್ಪಿದ್ರೆ 25 ಮಿಲಿವೋಲ್ಟ್ ಆಯ್ತು. ಆ ಇಡೀ 25 ಆರನೇ ಸೆಲ್ಲಿನ ತಲೆ ಮೇಲೆ ಬೀಳುತ್ತೆ. ಅದೇ 0.1% ಒಂದನೇ ತಂತಿಯಲ್ಲಿದ್ರೆ 4 ಮಿಲಿವೋಲ್ಟ್ ಅಷ್ಟೇ, ಯಾರ ಕಣ್ಣಿಗೂ ಬೀಳಲ್ಲ. ಅಗ್ಗದ ಚಾರ್ಜರಲ್ಲಿ 1% ರೆಸಿಸ್ಟರ್ ಹಾಕಿ ಫ್ಯಾಕ್ಟರಿಯಲ್ಲಿ ಸಾಫ್ಟ್‌ವೇರಿಂದ ತಿದ್ದಿ ಕಳಿಸ್ತಾರೆ, ಆ ತಿದ್ದೋ ಕೆಲಸದಲ್ಲಿ ಅವಸರ ಮಾಡಿದ್ರೆ ಹೀಗಾಗುತ್ತೆ. ಹಳೇ ಬಿ6 ಜಾತಿಯಲ್ಲಿ ಎಟಿಮೆಗಾ32 ಚಿಪ್ ಇರ್ತಿತ್ತು, ಅದರಲ್ಲಿ ವೋಲ್ಟೇಜನ್ನ ಅಂಕಿ ಮಾಡೋ ಎಡಿಸಿ 10 ಬಿಟ್, 5 ವೋಲ್ಟನ್ನ 1024 ತುಂಡು ಮಾಡಿದ್ರೆ ಒಂದು ತುಂಡೇ 4.9 ಮಿಲಿವೋಲ್ಟ್. ಅದಕ್ಕಿಂತ ನಿಖರ ಬೇಕು ಅಂದ್ರೆ ತುಂಬಾ ಸಲ ಓದಿ ಸರಾಸರಿ ತೆಗೀಬೇಕು.

ಹಾಗೇ ಬ್ಯಾಲೆನ್ಸ್ ಪ್ಲಗ್ ಹಾಕದೇ ಬರೀ ದಪ್ಪ ವೈರಲ್ಲಿ ಚಾರ್ಜ್ ಮಾಡಿದ್ರೆ ಚಾರ್ಜರಿಗೆ ಸೆಲ್ ಕಾಣಲ್ಲ, ಒಟ್ಟು ವೋಲ್ಟೇಜ್ ಮಾತ್ರ ಕಾಣುತ್ತೆ, ಅದೂ ವೈರಿನ ಡ್ರಾಪ್ ಸೇರ್ಸಿ. 16 ಗೇಜ್ ವೈರ್ ಒಂದು ಮೀಟರ್ ಉದ್ದಕ್ಕೆ ಸುಮಾರು 13 ಮಿಲಿಓಮ್, 5 ಆಂಪಿಗೆ 65 ಮಿಲಿವೋಲ್ಟ್. ಲೈಪೋಗೆ ಹಾಗೆ ಯಾವತ್ತೂ ಮಾಡ್ಬೇಡಿ.

ಬೈಕ್_ದಾವಣಗೆರೆ

ನಾನು ಹೇಳಿದ್ದು ತಪ್ಪಾಗಿತ್ತು, ಒಪ್ಕೋತೀನಿ. ಇಷ್ಟು ವಿಷಯ ಇದೆ ಅಂತ ಗೊತ್ತಿರ್ಲಿಲ್ಲ. ಮನೇಲಿ ಮಗನ ಆಟಿಕೆಗೆ ಎಎ ನಿಕಲ್ ಸೆಲ್ ಚಾರ್ಜರ್ ಇದೆ, ಅದಕ್ಕೂ ಇದೇ ಥರ ಅಳೀಬೇಕಾ?

ಟಾರ್ಚ್_ಕುಡ್ಲ

ಬೇಡ. ನಿಕಲ್ ಸೆಲ್ಲಿಗೆ ಇಂತಿಷ್ಟು ವೋಲ್ಟಿಗೆ ನಿಲ್ಲಿಸು ಅಂತ ಇಲ್ಲ. ತುಂಬಿದ ಮೇಲೆ ವೋಲ್ಟೇಜ್ ತುದಿಗೆ ಹೋಗಿ ಒಂದು 5 ಮಿಲಿವೋಲ್ಟ್ ಕೆಳಗೆ ಇಳೀತದೆ, ಒಳ್ಳೆ ಚಾರ್ಜರ್ ಆ ಇಳಿಕೆ ಹಿಡಿದು ನಿಲ್ಲಿಸ್ತದೆ. ಚಾರ್ಜರ್ 1.45 ಅನ್ನಲಿ 1.50 ಅನ್ನಲಿ ತೊಂದರೆ ಇಲ್ಲ. ಸೆಲ್ ಕೈ ಸುಡುವಷ್ಟು ಬಿಸಿ ಆಗ್ತದಾ ಅಂತ ಮಾತ್ರ ನೋಡಿ.

ಡ್ರೋನ್_ಮೈಸೂರು

ಮೀಟರನ್ನೇ ಕ್ಯಾಲಿಬ್ರೇಶನ್‌ಗೆ ಕೊಡೋಕಾಗಲ್ವಾ? ಬೆಂಗಳೂರಲ್ಲಿ ಎಲ್ಲಿ ಮಾಡ್ತಾರೆ?

ಪೀಣ್ಯ_ಟೆಸ್ಟ್‌ಬೆಂಚ್

ಮಾಡ್ತಾರೆ, ಪೀಣ್ಯದಲ್ಲೇ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಟೆಸ್ಟ್ ಸೆಂಟರ್ ಇಟಿಡಿಸಿ ಇದೆ, ಎನ್‌ಎಬಿಎಲ್ (ಲ್ಯಾಬ್ ಮಾನ್ಯತಾ ಮಂಡಳಿ) ಮಾನ್ಯತೆ ಇರೋ ಖಾಸಗಿ ಲ್ಯಾಬ್‌ಗಳೂ ಇವೆ. ಒಳ್ಳೆ ಮೀಟರ್ ಇದ್ರೆ ಕೊಡಿ. ಆದ್ರೆ 300 ರೂಪಾಯಿ ಮೀಟರಿಗೆ ಸರ್ಟಿಫಿಕೇಟ್ ಮಾಡಿಸೋದು ನನಗೆ ಸರಿ ಅನ್ಸಲ್ಲ, ನಾಳೆ ಅದರ ಬ್ಯಾಟರಿ ಇಳಿದ್ರೆ ಸರ್ಟಿಫಿಕೇಟ್ ಏನ್ ಮಾಡುತ್ತೆ? ಅದೇ ದುಡ್ಡಲ್ಲಿ ಎ ಗ್ರೇಡ್ ಐಸಿ ತಗೊಳ್ಳಿ. ಬಿಡಿ ಅಂಗಡಿಯಲ್ಲಿ ತಗೋಬೇಡಿ, ಮೇಲೆ ಒಂದು ನಂಬರ್, ಒಳಗೆ ಇನ್ನೊಂದು ಇರೋ ಐಸಿ ನಾನೇ ನೋಡಿದೀನಿ. ಅಧಿಕೃತ ಡಿಸ್ಟ್ರಿಬ್ಯೂಟರ್ ಹತ್ರಾನೇ ತರಿಸಿ.

ತುಮಕೂರು_ಗ್ಲೈಡರ್

ಹನ್ನೆರಡು ದಿನ ಆಯ್ತು, ಈಗ ಎಲ್ಲಾ ಬಂದು ಜೋಡಿಸಿ ಅಳೆದೂ ಆಯ್ತು, ಕೈ ನಡುಗ್ತಿತ್ತು ಮೊದಲನೇ ಸಲ ಸೇರಿಸುವಾಗ. ಐಸಿ ಎರಡು ತರಿಸ್ದೆ, ಎರಡನ್ನೂ ಒಂದಕ್ಕೊಂದು ಹೋಲಿಸ್ದೆ, ವ್ಯತ್ಯಾಸ 1.3 ಮಿಲಿವೋಲ್ಟ್ ಅಷ್ಟೇ, ಹಾಗಾಗಿ ಧೈರ್ಯ ಬಂತು. ಹುಬ್ಬಳ್ಳಿ ಅಣ್ಣ ಹೇಳಿದ ಥರಾನೇ ಎಕ್ಸ್‌ಟೆನ್ಶನ್ ವೈರ್ ಮಾಡಿ 1 ಕಿಲೋಓಮ್ ಹಾಕಿದೀನಿ. ಬೆಳಿಗ್ಗೆ ಏಳು ಗಂಟೆಗೆ, ತಣ್ಣಗಿದ್ದಾಗ ಮಾಡ್ದೆ. ಊದದೇ ಇರೋ 4ಎಸ್ ಪ್ಯಾಕ್, ಚಾರ್ಜ್ ಮುಗಿಯೋ ಕೊನೇ ನಿಮಿಷ, ಕರೆಂಟ್ 0.2 ಆಂಪ್‌ಗೆ ಇಳಿದಿದ್ದಾಗ, ಸ್ಕ್ರೀನಲ್ಲಿ ನಾಲ್ಕೂ 4.20. ಹಳದಿ ಮೀಟರಲ್ಲಿ ಬಂದ ವ್ಯತ್ಯಾಸ 107, 110, 121, 143. ಅಂದ್ರೆ

ಒಂದನೇ ಸೆಲ್ 4.203
ಎರಡನೇದು 4.206
ಮೂರನೇದು 4.217
ನಾಲ್ಕನೇದು 4.239

ಆಮೇಲೆ 3ಎಸ್ ಪ್ಯಾಕ್ ಹಾಕಿ ನೋಡ್ದೆ, 4.204, 4.205, 4.218. ಅದೇ ಜಾಗ, ಅದೇ ತಪ್ಪು. ಚಾರ್ಜರ್‌ದೇ.

ಪೀಣ್ಯ_ಟೆಸ್ಟ್‌ಬೆಂಚ್

ತುಂಬಾ ಚೆನ್ನಾಗಿ ಮಾಡಿದೀರಿ, ಎರಡು ಐಸಿ ಹೋಲಿಸಿದ್ದು ನಾನೂ ಹೇಳೋಕೆ ಮರೆತಿದ್ದೆ. ತಂತಿ ಲೆಕ್ಕದಲ್ಲಿ ಕೂಡಿ ನೋಡಿ. 4.203, 8.409, 12.626, 16.865. ಇರಬೇಕಾಗಿದ್ದದ್ದು 4.2, 8.4, 12.6, 16.8. ತಪ್ಪು 3, 9, 26, 65 ಮಿಲಿವೋಲ್ಟ್. ಶೇಕಡಾ ಲೆಕ್ಕದಲ್ಲಿ ನಾಲ್ಕನೇ ತಂತಿ 0.39%, ಮೂರನೇದು 0.21%. ಮೇಲೆ ಹೋದಷ್ಟೂ ಜಾಸ್ತಿ, ನಾವು ಹೇಳ್ತಿದ್ದ ರೆಸಿಸ್ಟರ್ ಜೋಡಿ ಕಥೆ ಸರಿಯಾಗಿ ಹೊಂದುತ್ತೆ. 4.239 ಅಂದ್ರೆ 4.25ರ ಗಡಿ ಒಳಗೇ ಇದೆ, ಇಷ್ಟು ದಿನ ಅಪಾಯದಲ್ಲೇನೂ ಇರ್ಲಿಲ್ಲ, ಆದ್ರೆ ಐಸಿಯ 4 ಮಿಲಿವೋಲ್ಟ್ ಸೇರಿಸಿದ್ರೆ ಗಡಿ ತೀರಾ ಹತ್ರ. ತಿದ್ದಲೇಬೇಕು. ನಿಮ್ದು ಊದಿದ್ದಕ್ಕೆ ಏಪ್ರಿಲ್ ಬಿಸಿಲು ದೊಡ್ಡ ಕಾರಣ, ಇದು ಚಿಕ್ಕ ಕಾರಣ ಅಂತಾನೇ ನನ್ನ ಅನಿಸಿಕೆ.

ತಿದ್ದೋ ಮುಂಚೆ 3.85 ಹತ್ರ, ಸ್ಟೋರೇಜ್ ಮಟ್ಟದಲ್ಲೂ ಒಂದು ಸಲ ಅಳೀರಿ. ಅಲ್ಲಿ ವ್ಯತ್ಯಾಸ ಮೈನಸ್ 246 ಬರುತ್ತೆ, 200 ರೇಂಜ್ ಸಾಲಲ್ಲ, 2 ವೋಲ್ಟ್ ರೇಂಜ್ ಹಾಕಿ. ಎರಡು ಕಡೆನೂ ಅದೇ ಶೇಕಡಾ ತಪ್ಪಿದ್ರೆ ಒಂದೇ ತಿದ್ದುಪಡಿ ಸಾಕು.

ತುಮಕೂರು_ಗ್ಲೈಡರ್

ಅಳೆದೆ, 3.85ರಲ್ಲಿ ನಾಲ್ಕನೇ ಸೆಲ್ 36 ಮಿಲಿವೋಲ್ಟ್ ಮೇಲಿತ್ತು, ಶೇಕಡಾ ಲೆಕ್ಕದಲ್ಲಿ ಅದೇ. ನನ್ನ ಚಾರ್ಜರಲ್ಲಿ ಸೆಲ್ ಸೆಲ್‌ಗೂ ನಿಜವಾದ ವೋಲ್ಟೇಜ್ ಹಾಕೋ ಮೆನು ಇದೆ, ಹಾಕ್ದೆ. ಮತ್ತೆ ಫುಲ್ ಚಾರ್ಜ್ ಮಾಡಿ ಅಳೆದಾಗ 4.201, 4.199, 4.202, 4.204. ತಂಗಿಗೆ ತೋರಿಸ್ದೆ, ಅವಳಿಗೆ ಏನೂ ಅರ್ಥ ಆಗ್ಲಿಲ್ಲ, ಆದ್ರೂ ನಾನು ಖುಷಿಯಾಗಿರೋದು ನೋಡಿ ಅವಳೂ ಖುಷಿಪಟ್ಟಳು. ಚಾರ್ಜ್ ಮಾಡೋ ಜಾಗಾನೂ ಹೊರಗಿನ ವರಾಂಡಕ್ಕೆ ಬದಲಾಯಿಸಿದೀನಿ. ಊದಿದ ಪ್ಯಾಕನ್ನ ಬಲ್ಬ್ ಹಾಕಿ ಪೂರ್ತಿ ಖಾಲಿ ಮಾಡಿ ಇ-ವೇಸ್ಟ್‌ಗೆ ಕೊಡ್ತೀನಿ.

ಡ್ರೋನ್_ಮೈಸೂರು

ನಿಮ್ದು ನೋಡಿ ನಾನೂ ಮಾಡ್ದೆ. ನನ್ನ 6ಎಸ್ ಚಾರ್ಜರಲ್ಲಿ ಐದನೇ ಸೆಲ್ 4.231, ಆರನೇದು 4.262! ಇದರಲ್ಲಿ ಕ್ಯಾಲಿಬ್ರೇಶನ್ ಮೆನು ಇಲ್ವೇ ಇಲ್ಲ. ಏನ್ ಮಾಡ್ಲಿ?

ಪಿಯು_ಲ್ಯಾಬ್_ಮೇಷ್ಟ್ರು

ಮಗೂ, 4.262 ಗಡಿ ದಾಟಿದೆ, ಹಾಗೇ ಉಪಯೋಗಿಸಬೇಡ. ಚಾರ್ಜ್ ನಿಲ್ಲೋ ವೋಲ್ಟೇಜನ್ನ ಇಳಿಸೋ ಆಯ್ಕೆ ಇದೆಯಾ ಸೆಟಿಂಗ್ಸಲ್ಲಿ ನೋಡು, ಟಿವಿಸಿ ಅಂತಲೋ ಎಂಡ್ ವೋಲ್ಟೇಜ್ ಅಂತಲೋ ಇರುತ್ತೆ. ಅದನ್ನ 4.13ಕ್ಕೆ ಇಟ್ಟರೆ ಆರನೇ ಸೆಲ್ 4.19ರ ಹತ್ತಿರ ನಿಲ್ಲುತ್ತೆ. ಮಿಕ್ಕ ಸೆಲ್‌ಗಳು ಸ್ವಲ್ಪ ಕಮ್ಮಿ ತುಂಬುತ್ತವೆ, ಹಾರಾಟ ಒಂದು ನಿಮಿಷ ಕಮ್ಮಿ ಆಗಬಹುದು, ಆದರೆ ಕಮ್ಮಿ ತುಂಬಿದ ಸೆಲ್ ಹೆಚ್ಚು ದಿನ ಬಾಳುತ್ತೆ. ಆ ಆಯ್ಕೆಯೂ ಇಲ್ಲದಿದ್ದರೆ ಆ ಚಾರ್ಜರನ್ನ ಬಿಟ್ಟುಬಿಡು.

ಡ್ರೋನ್_ಮೈಸೂರು

ಇದೆ ಸರ್, 4.10 ತನಕ ಇಳಿಸಬಹುದು. 4.13ಕ್ಕೆ ಇಟ್ಟು ಚಾರ್ಜ್ ಮಾಡ್ದೆ, ಆರನೇದು 4.191, ಐದನೇದು 4.161, ಮಿಕ್ಕಿದ್ದು 4.13 ಆಸುಪಾಸು. ಕ್ಲಬ್‌ನಲ್ಲಿ ಇನ್ನೂ ನಾಲ್ಕು ಜನರ ಹತ್ರ ಇದೇ ಮಾಡೆಲ್ ಇದೆ, ಭಾನುವಾರ ರೆಫರೆನ್ಸ್ ಐಸಿ ಡಬ್ಬಿ ತಗೊಂಡ್ಹೋಗಿ ಎಲ್ಲರದ್ದೂ ಅಳೆದು ಚಾರ್ಜರ್ ಬೆನ್ನಿಗೆ ಸೆಲ್ ಸೆಲ್ಲಿಂದೂ ಬರೆದು ಅಂಟಿಸ್ತೀನಿ.

ಸೋಲ್ಡರ್_ಹುಬ್ಬಳ್ಳಿ

ಬರಿಯೂ ಮುಂದ ಅಳದ ತಾರೀಖೂ ಹಾಕವ್ವಾ. ಆರು ತಿಂಗಳಿಗೆ ಮತ್ತ ನೋಡಬೇಕಾಗ್ತದ.